ಅನುಕರಣೆ ಮತ್ತು ಹೆಸರು: ಕಂಪನಿ ರಂಗಭೂಮಿಯಿಂದ ಕಿರುತೆರೆಯವರೆಗೆ

ಅನುಕರಣೆಯನ್ನು ಕೀಳೆಂದು ಬಗೆಯುವ ವಿಮರ್ಶೆಯು ಕಂಪನಿ ರಂಗಭೂಮಿಯ ಕಲಿಕೆಯ ಕ್ರಮವನ್ನು ಮರೆಯುತ್ತದೆ. ಹಿರಿಯ ನಟರ ಮಾತು, ನಡಿಗೆ, ಹಾಡಿನ ಧಾಟಿಗಳನ್ನು ನೋಡಿ ಕಲಿಯುವುದೇ ಅಲ್ಲಿನ ಶಿಕ್ಷಣವಾಗಿತ್ತು. 1884ರಲ್ಲಿ ಸ್ಥಾಪನೆಗೊಂಡ ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ್, 1954ರ ‘ಬೇಡರ ಕಣ್ಣಪ್ಪ’ ಚಿತ್ರದೊಡನೆ ರಾಜ್‌ಕುಮಾರ್ ಎನಿಸಿದರು. ಮುಂದೆ ತಾವೇ ಅನುಕರಣೆಯ ಮಾದರಿಯಾದರು.

ಗುಬ್ಬಿ, ಕುಣಿಗಲ್, ಮಾರ್ಕೋನಹಳ್ಳಿಗಳ ಸೀಮೆಯೂ ಸೇರಿದಂತೆ ನಾಡಿನ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ರಸಮಂಜರಿಗೆ ‘ಜೂನಿಯರ್’ ಕಲಾವಿದರು ಪರಿಚಿತರು. ಶಂಕರ್‌ನಾಗ್ (1990), ರಾಜ್‌ಕುಮಾರ್ (2006), ವಿಷ್ಣುವರ್ಧನ್ (2009) ಅವರ ನಿಧನಾನಂತರ ಈ ವೇಷಗಳು ಮನರಂಜನೆಯ ಜೊತೆಗೆ ಸ್ಮರಣೆಯ ಕಾರ್ಯವನ್ನೂ ನಿರ್ವಹಿಸಿವೆ.

ಕಿರುತೆರೆಯ ಪ್ರತಿಭಾ ಸ್ಪರ್ಧೆಯೂ ಅನ್ಯರ ಹಾಡನ್ನೇ ಆಶ್ರಯಿಸಿದೆ. ಆದರೆ ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಸ್ಪರ್ಧಿಯನ್ನು ಅವನ ಹೆಸರಿನಿಂದಲೇ ಕರೆದು, ಶ್ರುತಿ, ಉಚ್ಚಾರಣೆಗಳನ್ನು ತಿದ್ದುತ್ತಿದ್ದರು. ಚಿತ್ರನಟನಿಗೆ ತಕ್ಕಂತೆ ಕಂಠವನ್ನು ಮಾರ್ಪಡಿಸಬಲ್ಲ ಗಾಯಕರೆಂದು ಹೆಸರಾದವರು ಅವರು. ಹೋಲಿಕೆಯೂ ಒಂದು ಸಾಧನೆಯೆಂಬುದನ್ನು ಬಲ್ಲವರು.

ರಸಮಂಜರಿಯ ಕಲಾವಿದನಿಗೆ ಇಂತಹ ತೀರ್ಪುಗಾರರಿಲ್ಲ, ಸ್ವಂತ ಹೆಸರೂ ಇಲ್ಲ. ಹೋಲಿಕೆ ಎಷ್ಟು ನಿಖರವೋ ಬೇಡಿಕೆ ಅಷ್ಟು ಹೆಚ್ಚು. ಅಷ್ಟೇ ಪೂರ್ಣವಾಗಿ ಅವನ ವ್ಯಕ್ತಿತ್ವ ಮರೆಯಾಗುತ್ತದೆ. ಕಂಪನಿಯಲ್ಲಿ ಅನುಕರಣೆ ದಾಟಬೇಕಾದ ಹೊಸ್ತಿಲಾಗಿತ್ತು. ಇಲ್ಲಿ ಅದನ್ನು ದಾಟಿದರೆ ಜೀವನೋಪಾಯವೇ ತಪ್ಪುತ್ತದೆ. ಆದ್ದರಿಂದ ಈ ಕಲೆಯನ್ನು ಸ್ವೋಪಜ್ಞತೆಯ ಅಳತೆಗೋಲಿನಿಂದ ತಳ್ಳಿಹಾಕುವುದು ನ್ಯಾಯವಲ್ಲ. ಗಮನಿಸುವ ಕಣ್ಣು, ದೇಹಸಂಯಮ, ಸಭೆಯ ನಾಡಿಯನ್ನರಿಯುವ ಜಾಣ್ಮೆಗಳನ್ನು ವಿಮರ್ಶೆ ತೂಗಬೇಕು. ಅದಕ್ಕೂ ಮುನ್ನ, ವೇಷದ ಹಿಂದಿರುವವರ ಹೆಸರುಗಳನ್ನು ದಾಖಲಿಸಬೇಕಾಗಿದೆ.