ಹಳೇ ಧಾಟಿ, ಹೊಸ ಮನಿ

ಸೊಲ್ಲಾಪುರದಾಗ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದ ನಮ್ಮ ಮಂದಿ ಬೆಳಗ್ಗೆ ಮುಂಬಯಿಯ ಸಿ.ಎಸ್.ಎಂ.ಟಿ.ಯೊಳಗ ಇಳೀತಾರ. 1888ರಲ್ಲಿ ಮುಗಿದ ಆ ಕಟ್ಟಡಕ್ಕ ಮೊದಲು ವಿಕ್ಟೋರಿಯಾ ರಾಣಿಯ ಹೆಸರಿತ್ತು. ಕಟ್ಟಿಸಿದ ಸ್ಟೀವನ್ಸ್ ಸಾಹೇಬನಿಗೆ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣವೇ ಸ್ಫೂರ್ತಿ ಅಂತ ಓದಿದೆ. ಆ ಲಂಡನ್ ಕಟ್ಟಡದಾಗ ಈಗ ಅಪಾರ್ಟ್‌ಮೆಂಟ್ ಆಗ್ಯಾವ. ಅದು ಸರಿಯೋ ತಪ್ಪೋ ಅನ್ನೋದೇ ನನ್ನ ವಿಚಾರ. ನಾ ಕಣ್ಣಾರೆ ಕಂಡಿಲ್ಲ. ಓದಿ, ಚಿತ್ರ ನೋಡಿ ಹೇಳತೀನಿ.

ಅದು ನಿಲ್ದಾಣದ ಮುಂದಿನ ಕೆಂಪು ಇಟ್ಟಂಗಿಯ ದೊಡ್ಡ ಹೋಟೆಲು. ಗಿಲ್ಬರ್ಟ್ ಸ್ಕಾಟ್ ಕಟ್ಟಿಸಿದ್ದು, 1873ರಲ್ಲಿ ತೆರೆಯಿತು. ಬೆಂಕಿಗೆ ಹೆದರಿ ನೆಲ ಭಾಳ ದಪ್ಪ ಮಾಡಿದ್ದರು. ಮುಂದ ಪ್ರತಿ ಕೋಣೆಗೂ ಬಚ್ಚಲು ಬೇಕು ಅನ್ನೋ ಕಾಲ ಬಂತು. ಆ ನೆಲ ಕೊರೆದು ನೀರಿನ ಪೈಪು ಹಾಕೋದು ಕಷ್ಟ. 1935ರಲ್ಲಿ ಹೋಟೆಲು ಮುಚ್ಚಿ ರೈಲ್ವೆ ಕಚೇರಿ ಆತು. 1960ರ ದಶಕದಾಗ ಕೆಡವೋ ಮಾತು ಬಂದಾಗ ಜಾನ್ ಬೆಟ್ಜಮನ್ ಅನ್ನೋ ಕವಿ ಮತ್ತ ಅವರ ಸಂಗಡಿಗರು ಅಡ್ಡ ನಿಂತು ಉಳಿಸಿದರು. ಕವಿಯ ಮಾತಿಗೆ ಕಲ್ಲು ಉಳೀತು, ನೋಡ್ರಿ! ಈಗ ಆ ಕವಿಯ ಮೂರ್ತಿ ನಿಲ್ದಾಣದಾಗ ತಲಿ ಎತ್ತಿ ಸೂರು ನೋಡ್ತಾ ನಿಂತೈತಿ. 2011ರಲ್ಲಿ ಕಟ್ಟಡ ಮತ್ತ ತೆರೆದಾಗ ಒಂದು ಪಾಲು ಹೋಟೆಲು, ಮ್ಯಾಲಿನ ಪಾಲು ಮನಿಗಳು.

ನಾನು ಹಾಡೋನು. ನಮ್ಮ ಹಂತಿ ಪದ ಕಣದಾಗ ಹುಟ್ಟಿದ್ದು, ಮೇಟಿ ಸುತ್ತ ಎತ್ತು ತಿರುಗುವಾಗ ಹಾಡೋದು. ರಾಶಿ ಮಷೀನು ಬಂದ ಮ್ಯಾಲ ಹಂತಿ ಹೋತು, ಪದ ವೇದಿಕಿ ಹತ್ತಿತು. ಸಾಯೋದಕ್ಕಿಂತ ಅದು ಲೇಸು. ಹಂಗ ಈ ಕಟ್ಟಡವೂ. ಹೊರಗಿನ ಧಾಟಿ ಕೆಡಿಸದೆ ಒಳಗ ಹೊಸ ಮಾತು ಕೂಡಿಸ್ಯಾರ. ಅದಕ್ಕ ಮಾಡಿದವರನ್ನ ಹೊಗಳತೀನಿ.

ಆದರ ಒಂದು ತಕರಾರು ಐತಿ. ಮೊದಲೂ ಅದು ಶ್ರೀಮಂತರ ಹೋಟೆಲೇ, ಒಪ್ಪತೀನಿ. ಆದರ ಹೋಟೆಲಿನ ಬಾಗಿಲು ರೊಕ್ಕ ಕೊಟ್ಟವರಿಗೆ ಒಂದು ರಾತ್ರಿಗಾದರೂ ತೆರೀತೈತಿ. ಮನಿಯ ಬಾಗಿಲು ಹಂಗಲ್ಲ, ಊರಿಗೆ ಅದು ಮುಚ್ಚಿದಂಗ. ಗಡಿಯಾರದ ಗೋಪುರದೊಳಗೂ ಒಂದು ಮನಿ ಮಾಡ್ಯಾರಂತ. ಗಡಿಯಾರ ಊರಿಗೆಲ್ಲಾ, ಗೋಪುರದ ಒಳಗು ಒಬ್ಬರಿಗೆ! ಕೆಳಗ ನಿಲ್ದಾಣ ಎಲ್ಲರದೂ ಆಗಿ ಉಳಿದದ್ದೇ ಸಮಾಧಾನ. ಅದೂ ಇಲ್ಲದಿದ್ದರ ಈ ಉಳಿಸುವಿಕೆಗೆ ಅರ್ಧ ಬೆಲೆಯೂ ಇರತಿರಲಿಲ್ಲ. ಕೇಳೋರು ಇಲ್ಲದ ಕೋಣೆಯೊಳಗ ಹಾಡಿದ ಪದ ಎಷ್ಟು ಚಂದ ಇದ್ದರೇನು?

ನಮ್ಮ ಊರುಗಳಾಗೂ ಹಳೇ ವಾಡೆ, ಚಾವಡಿ ಕೆಡವಿ ಅಂಗಡಿ ಕಟ್ಟೋಣ ಅನ್ನೋ ಮಾತು ನಡೀತಾವ. ಕೆಡವಬ್ಯಾಡ್ರಿ. ಬಚ್ಚಲು ಹಾಕ್ರಿ, ದೀಪ ಹಾಕ್ರಿ, ಬಾಡಿಗಿಗೂ ಕೊಡ್ರಿ. ಆದರ ಮುಂದಿನ ಕಟ್ಟಿ ಮಾತ್ರ ಯಾರಿಗೂ ಬರೆದು ಕೊಡಬ್ಯಾಡ್ರಿ. ಅದರ ಮ್ಯಾಲ ಊರು ಕುಂದ್ರಬೇಕು.