ಬೇಟೆಯ ಸಾಹಿತ್ಯದಲ್ಲಿ ತೋಟೆಯ ಲೆಕ್ಕ

ಬೇಟೆಯ ಪುಸ್ತಕಗಳನ್ನು ಓದುವಾಗ ನಮ್ಮಲ್ಲಿ ಹೆಚ್ಚಿನವರು ಹಾರಿಸಿಬಿಡುವ ಸಾಲುಗಳೆಂದರೆ ಕೋವಿ ಮತ್ತು ತೋಟೆಯ ವಿವರಗಳು. ಹುಲಿ ಯಾವ ಪೊದೆಯಿಂದ ಹೊರಬಂತು, ಅಟ್ಟಣೆಯ ಮೇಲೆ ಕುಳಿತವನ ಕಾಲು ಜೋಮು ಹಿಡಿಯಿತೇ, ಇಷ್ಟು ತಿಳಿದರೆ ನಮಗೆ ಸಾಕು. 0.405, 0.470, 300 ಗ್ರೇನ್ ಮುಂತಾದ ಅಂಕೆಗಳು ಬಂದೊಡನೆ ಕಣ್ಣು ಮುಂದಿನ ಪ್ಯಾರಾಕ್ಕೆ ಜಾರುತ್ತದೆ. ಇನ್ನೊಂದು ವರ್ಗದ ಓದುಗರಿದ್ದಾರೆ. ಅವರಿಗೆ ಅಂಕೆಗಳೇ ಪ್ರಾಣ. ದೊಡ್ಡ ನಳಿಗೆಯ ಕೋವಿ ಹಿಡಿದವನೇ ದೊಡ್ಡ ಬೇಟೆಗಾರ ಎಂದು ಅವರ ನಂಬಿಕೆ. ಈ ಇಬ್ಬರೂ ಬೇಟೆಯ ಸಾಹಿತ್ಯವನ್ನು ಅರ್ಧ ಮಾತ್ರ ಓದುತ್ತಾರೆಂದು ನನ್ನ ಅಭಿಪ್ರಾಯ. ಲೇಖಕನು ತನ್ನ ತೋಟೆಯನ್ನು ಹೇಗೆ ಆರಿಸಿದ, ಆ ಆಯ್ಕೆಯ ಪರಿಣಾಮವನ್ನು ಎಷ್ಟು ಪ್ರಾಮಾಣಿಕವಾಗಿ ಬರೆದ ಎಂಬುದೇ ಅವನ ಪುಸ್ತಕದ ಬೆಲೆ ಕಟ್ಟಲು ತಕ್ಕ ಒರೆಗಲ್ಲು. ಏಕೆಂದರೆ ತಪ್ಪು ತೋಟೆಯ ಫಲವನ್ನು ಉಣ್ಣುವವನು ಬಹುಮಟ್ಟಿಗೆ ಬೇಟೆಗಾರನಲ್ಲ. ಗಾಯಗೊಂಡು ಪೊದೆ ಸೇರಿದ ಪ್ರಾಣಿ ಅದನ್ನು ಉಣ್ಣುತ್ತದೆ. ಅದರ ದಾರಿಯಲ್ಲಿ ಸೌದೆಗೆ ಹೊರಟ ಹೆಂಗಸು ಉಣ್ಣುತ್ತಾಳೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಬೇಟೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಅದು ಒಳ್ಳೆಯದೇ ಆಯಿತು. ಆದರೆ ಪುಸ್ತಕಗಳು ಉಳಿದಿವೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಮಕ್ಕಳಿಗೆ ಕನ್ನಡದ ರುಚಿ ಹತ್ತಿಸಬೇಕೆಂದರೆ ಮೊದಲು ಕೈಗೆ ಬರುವ ಪುಸ್ತಕಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮಾಲೆಯೂ ಒಂದು. ಹೀಗಿರುವಾಗ ಈ ಬಗೆಯ ಪುಸ್ತಕಗಳು ಓದುಗನಿಗೆ ಏನನ್ನು ಕಲಿಸುತ್ತವೆ ಎಂದು ಕೇಳುವುದು ಅಪ್ರಸ್ತುತವಾಗಲಾರದು.

ಅಂಕೆಗಳ ಅರ್ಥವನ್ನು ಮೊದಲು ನೋಡೋಣ. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ಪದ್ಧತಿಯಿಂದ ಆನೆ ಹಿಡಿಸಿದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ತನ್ನ ಹದಿಮೂರು ವರ್ಷಗಳ ಕಾಡಿನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ಅವನ ಕಾಲದಲ್ಲಿ ಆನೆಗೆ ಬಳಸುತ್ತಿದ್ದದ್ದು ‘ನಾಲ್ಕು ಬೋರ್’, ‘ಎಂಟು ಬೋರ್’ ಎಂಬ ಭಾರಿ ಕೋವಿಗಳನ್ನು. ಒಂದು ಪೌಂಡು ಸೀಸದಿಂದ ನಳಿಗೆಗೆ ಹೊಂದುವ ಎಷ್ಟು ಉಂಡೆ ಮಾಡಬಹುದು ಎಂಬುದೇ ಬೋರಿನ ಲೆಕ್ಕ. ನಾಲ್ಕು ಬೋರ್ ಎಂದರೆ ಒಂದೊಂದು ಉಂಡೆ ಕಾಲು ಪೌಂಡು! ಅಂಕೆ ಚಿಕ್ಕದಾದಷ್ಟೂ ಕೋವಿ ದೊಡ್ಡದು. ಅಂದಿನ ಕರಿಮದ್ದು ಗುಂಡಿಗೆ ಕೊಡಬಲ್ಲ ವೇಗಕ್ಕೆ ಮಿತಿಯಿತ್ತು. ಆದುದರಿಂದ ಪೆಟ್ಟನ್ನು ಹೆಚ್ಚಿಸಲು ತೂಕ ಹೆಚ್ಚಿಸುವುದೇ ದಾರಿಯಾಗಿತ್ತು. ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದ ಮೇಲೆ ಚಿತ್ರ ಬದಲಾಯಿತು. 1898ರಲ್ಲಿ ಲಂಡನ್ನಿನ ರಿಗ್ಬಿ ಸಂಸ್ಥೆ 0.450 ಅಂಗುಲದ ನೈಟ್ರೋ ತೋಟೆಯನ್ನು ಹೊರತಂದಿತು. 480 ಗ್ರೇನ್ ಗುಂಡು, ಸೆಕೆಂಡಿಗೆ 2150 ಅಡಿ ವೇಗ. ಸುಮಾರು ಹದಿನೈದು ಗ್ರೇನಿಗೆ ಒಂದು ಗ್ರಾಂ ಎಂದು ನೆನಪಿಟ್ಟುಕೊಂಡರೆ ಸಾಕು. ಕಾಲು ಪೌಂಡಿನ ಉಂಡೆ ಮಾಡುತ್ತಿದ್ದ ಕೆಲಸವನ್ನು ಒಂದು ಔನ್ಸಿಗಿಂತ ತುಸು ಹೆಚ್ಚು ತೂಗುವ ಗುಂಡು ಮಾಡತೊಡಗಿತು.

ಇಲ್ಲಿ ಒಂದು ಸ್ವಾರಸ್ಯವಿದೆ. 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೂ ಸೂಡಾನಿಗೂ 0.450 ಅಳತೆಯ ತೋಟೆ ತರಿಸುವುದನ್ನು ನಿಷೇಧಿಸಿತು. ದಂಗೆಕೋರರ ಕೈ ಸೇರಿದ್ದ ಹಳೆಯ ಮಾರ್ಟಿನಿ–ಹೆನ್ರಿ ಬಂದೂಕುಗಳಿಗೆ ಇವುಗಳ ಗುಂಡು ಒದಗಬಹುದೆಂಬ ಭಯವೇ ಇದಕ್ಕೆ ಕಾರಣ. ಇಂಗ್ಲೆಂಡಿನ ಕೋವಿ ತಯಾರಕರು ಸುಮ್ಮನಿರಲಿಲ್ಲ, 0.465, 0.470, 0.475 ಎಂಬ ಅಳತೆಗಳಿಗೆ ತಿರುಗಿದರು. ಶಿಕಾರಿಯ ಮಾತು ಬಂದಾಗ ಇಂದಿಗೂ ಭಕ್ತಿಯಿಂದ ಉಚ್ಚರಿಸುವ ಈ ಅಂಕೆಗಳ ಹಿಂದೆ ಪ್ರಾಣಿಯ ದೇಹವನ್ನು ಕುರಿತ ಯಾವ ಹೊಸ ಜ್ಞಾನವೂ ಇಲ್ಲ. ಸರ್ಕಾರದ ಒಂದು ಆಜ್ಞೆ ಇದೆ. ಅಂಕೆಯ ದೊಡ್ಡಸ್ತಿಕೆಗೆ ಮರುಳಾಗುವವರು ಇದನ್ನು ಅಗತ್ಯವಾಗಿ ತಿಳಿದಿರಬೇಕು.

ಅಂಕೆಗೆ ಶಾಸ್ತ್ರದ ರೂಪ ಕೊಡಲು ಹೊರಟವನು ಜಾನ್ ಟೇಲರ್. ಆಫ್ರಿಕದಲ್ಲಿ ದಂತಕ್ಕಾಗಿ ಆನೆ ಹೊಡೆದ ಈತ 1948ರಲ್ಲಿ ಆಫ್ರಿಕದ ರೈಫಲ್ ಮತ್ತು ತೋಟೆಗಳನ್ನು ಕುರಿತು ಪುಸ್ತಕ ಬರೆದ. ಗುಂಡಿನ ತೂಕ, ವೇಗ, ಅಗಲ ಈ ಮೂರನ್ನೂ ಗುಣಿಸಿ 7000ದಿಂದ ಭಾಗಿಸಿದರೆ ಪ್ರಾಣಿಯನ್ನು ಕೆಡಹುವ ಬಲ ಸಿಗುತ್ತದೆ ಎಂಬುದು ಅವನ ಸೂತ್ರ. 0.470 ತೋಟೆಗೆ ಲೆಕ್ಕ ಹಾಕಿದರೆ ಸುಮಾರು 73 ಬರುತ್ತದೆ, 0.275 ರಿಗ್ಬಿಗೆ ಬರೀ 16. ಓದುಗ ಇಲ್ಲಿಗೇ ಪುಸ್ತಕ ಮುಚ್ಚಿ, 73 ಎಲ್ಲಿ, 16 ಎಲ್ಲಿ ಎಂದು ತೀರ್ಪು ಕೊಟ್ಟುಬಿಡುತ್ತಾನೆ.

ಆದರೆ ‘ಕೆಡಹುವುದು’ ಎಂಬ ಮಾತನ್ನು ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರದಿಂದ ಸ್ವಲ್ಪ ಪರೀಕ್ಷಿಸಿ ನೋಡಿ. 0.470ರ ಗುಂಡು ಸುಮಾರು 32 ಗ್ರಾಂ. ಸೆಕೆಂಡಿಗೆ 655 ಮೀಟರ್ ವೇಗ. ಅದರ ಸಂವೇಗವನ್ನೆಲ್ಲ 4000 ಕಿಲೋ ತೂಗುವ ಆನೆಗೆ ಕೊಟ್ಟರೆ ಆನೆ ಸೆಕೆಂಡಿಗೆ ಅರ್ಧ ಸೆಂಟಿಮೀಟರ್ ವೇಗದಲ್ಲಿ ಹಿಂದೆ ಸರಿದೀತು! ಅದೇ ಪೆಟ್ಟು ನ್ಯೂಟನ್ನನ ಮೂರನೆಯ ನಿಯಮದಂತೆ ಹೊಡೆದವನ ಭುಜಕ್ಕೂ ಬೀಳುತ್ತದೆ. ಅವನು ಬೀಳುವುದಿಲ್ಲ, ಆನೆ ಏಕೆ ಬೀಳಬೇಕು? ಪ್ರಾಣಿ ಬೀಳುವುದು ಗುಂಡು ಮಿದುಳನ್ನೋ ಬೆನ್ನುಹುರಿಯನ್ನೋ ಹೃದಯವನ್ನೋ ತಲುಪಿದಾಗ. ಟೇಲರನ ಸೂತ್ರದಲ್ಲಿ ಗುಂಡು ಎಲ್ಲಿ ತಗಲಿತು ಎಂಬುದಕ್ಕೆ ಸ್ಥಾನವಿಲ್ಲ, ಎಷ್ಟು ಆಳಕ್ಕೆ ಇಳಿಯಿತು ಎಂಬುದಕ್ಕೂ ಇಲ್ಲ. ಮಿದುಳಿಗೆ ಕೂದಲೆಳೆಯಲ್ಲಿ ತಪ್ಪಿದರೂ ಭಾರಿ ಗುಂಡಿನ ಪೆಟ್ಟಿಗೆ ಆನೆ ಕೆಲಕಾಲ ಮಂಕಾಗುತ್ತದೆ ಎಂಬ ಅವನ ಅನುಭವದ ಮಾತನ್ನು ತಳ್ಳಿಹಾಕಬೇಕಿಲ್ಲ. ಆದರೆ ಅನುಭವವನ್ನು ಗುಣಾಕಾರ ಮಾಡಿ ಅಂಕಪಟ್ಟಿಯಾಗಿಸಿದಾಗ ಅದರ ವಿವೇಕ ಸೋರಿಹೋಗುತ್ತದೆ.

ಟೇಲರನಿಗೆ ಎದುರು ನಿಂತಿರುವ ಸಾಕ್ಷಿ ಡಬ್ಲ್ಯು. ಡಿ. ಎಂ. ಬೆಲ್. 1923ರಲ್ಲಿ ಪ್ರಕಟವಾದ ಆತನ ಆನೆಬೇಟೆಯ ಪುಸ್ತಕ ಈ ವಿಷಯದಲ್ಲಿ ಬಹು ಚರ್ಚಿತವಾದುದು. ಆಫ್ರಿಕದಲ್ಲಿ ಸಾವಿರಕ್ಕೂ ಮಿಕ್ಕಿ ಆನೆ ಹೊಡೆದ ಈತ ಹೆಚ್ಚಿನವನ್ನು ಹೊಡೆದದ್ದು ಆ 16 ಅಂಕದ 0.275ರಿಂದಲೇ. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ ಮಿದುಳು ಎಲ್ಲಿದೆಯೆಂದು ಕಣ್ಣಾರೆ ಕಂಡುಕೊಂಡವನು ಅವನು. ರಹಸ್ಯ ಇನ್ನೊಂದೂ ಇದೆ. ಗುಂಡಿನ ತೂಕವನ್ನು ಅದರ ಅಗಲದ ವರ್ಗದಿಂದ ಭಾಗಿಸಿದರೆ ಅದು ಎಷ್ಟು ಆಳಕ್ಕೆ ತೂರೀತೆಂಬ ಅಂದಾಜು ಸಿಗುತ್ತದೆ. ಪೌಂಡು–ಅಂಗುಲದ ಲೆಕ್ಕದಲ್ಲಿ 0.470ಕ್ಕೆ ಇದು 0.317, ಬೆಲ್ಲನ 173 ಗ್ರೇನ್ ಗುಂಡಿಗೆ 0.306. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಒಂದು ದೊಡ್ಡ ದಬ್ಬಳ, ಇನ್ನೊಂದು ಸಣ್ಣ ದಬ್ಬಳ. ಗೋಣಿಯನ್ನು ಎರಡೂ ತೂರುತ್ತವೆ. ಸಣ್ಣದನ್ನು ಹಿಡಿದವನ ಭುಜ ನೋಯುವುದಿಲ್ಲವಾದ್ದರಿಂದ ಅವನ ಗುರಿ ಕದಲುವುದಿಲ್ಲ.

ಹಾಗೆಂದು ಬೆಲ್ಲನ ಪುಸ್ತಕವನ್ನು ಕೈಪಿಡಿಯೆಂದು ಭಾವಿಸಿದವರು ಇನ್ನೊಂದು ಹಳ್ಳಕ್ಕೆ ಬಿದ್ದರು. ಅವನು ಅಸಾಮಾನ್ಯ ಗುರಿಕಾರ. ಅವನಿಗೆ ಹೆಸರು ತಂದ ಕರಮೋಜ ಬಹುಪಾಲು ಬಯಲುಸೀಮೆ. ಕಾಕನಕೋಟೆಯ ಬಿದಿರುಮೆಳೆಯಲ್ಲಿ ಹತ್ತು ಗಜದಾಚೆ ಏನೂ ಕಾಣದೆಡೆ ನಿಂತವನಿಗೆ ಆ ಲೆಕ್ಕ ಹೊಂದುವುದಿಲ್ಲ. ಟೇಲರ್, ಬೆಲ್ ಇಬ್ಬರೂ ತಮ್ಮ ತಮ್ಮ ನೆಲಕ್ಕೆ ಸರಿಯಾದುದನ್ನೇ ಆರಿಸಿದ್ದರು. ನೆಲವನ್ನು ಬಿಟ್ಟು ತೀರ್ಪನ್ನಷ್ಟೇ ಹೊತ್ತು ತಂದದ್ದು ಓದುಗರ ತಪ್ಪು. ಇಬ್ಬರ ಪುಸ್ತಕಗಳಲ್ಲೂ ನನಗೆ ಕಾಣುವ ಕೊರತೆ ಬೇರೆಯದು. ಅವು ವ್ಯಾಪಾರದ ಪುಸ್ತಕಗಳು. ಆನೆ ಅಲ್ಲಿ ದಂತದ ತೂಕವಾಗಿ ನಿಲ್ಲುತ್ತದೆ. ಅದರ ಸಾವು ಅಚ್ಚುಕಟ್ಟಾದ ಜಮಾಖರ್ಚು.

ಅಂಕೆಗಿಂತ ಮುಖ್ಯವಾದ ಮಾತೆಂದರೆ ಗುಂಡಿನ ಮೂತಿ. ಮೂತಿಯಲ್ಲಿ ಸೀಸ ಬರಿದಾಗಿರುವ ಮೆದು ಗುಂಡು ಮೈಯೊಳಗೆ ಹೋದೊಡನೆ ಅಣಬೆಯಂತೆ ಅರಳುತ್ತದೆ; ಹುಲಿ, ಚಿರತೆಗಳಿಗೆ ಅದು ತಕ್ಕದ್ದು. ಲೋಹದ ಕವಚ ಪೂರ್ತಿ ಹೊದ್ದ ಗಟ್ಟಿ ಗುಂಡು ಅರಳದೆ ನೇರವಾಗಿ ಸಾಗುತ್ತದೆ. ಆನೆಯ ಬುರುಡೆಗೆ ಅದೇ ಬೇಕು. ಅದಲುಬದಲಾದರೆ ಎರಡೂ ಅನರ್ಥ. ಮೆದು ಗುಂಡು ಆನೆಯ ಎಲುಬಿನಲ್ಲಿ ಒಡೆದು ಮಿದುಳನ್ನು ಮುಟ್ಟದೆ ನಿಂತೀತು. ಗಟ್ಟಿ ಗುಂಡು ಹುಲಿಯ ಮೈಯಲ್ಲಿ ಕಿರಿದಾದ ರಂಧ್ರ ಮಾಡಿ ಆಚೆ ಹಾರಿಹೋದರೆ ಹುಲಿ ಮೈಲುಗಟ್ಟಲೆ ನಡೆದೀತು. ಅಲ್ಲಿಂದ ಮುಂದಿನ ಕಥೆ ಬೇಟೆಗಾರನ ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಆ ಮುಂದಿನ ಕಥೆಯನ್ನು ಬರೆದವನು ಜಿಮ್ ಕಾರ್ಬೆಟ್. ಅವನು ಉಳಿದವರಿಗಿಂತ ಎತ್ತರದ ಲೇಖಕನಾಗುವುದು ಇಲ್ಲಿಯೇ. 1907ರಲ್ಲಿ ಆತ ಹೊಡೆದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತು. ಸತ್ತ ಹುಲಿಯ ಬಾಯಿ ಬಿಡಿಸಿ ನೋಡಿದಾಗ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಅದು ಹಳೆಯ ಗುಂಡೇಟಿನ ಗುರುತು. ಸಹಜ ಆಹಾರವನ್ನು ಹಿಡಿಯಲಾರದೆ ಅದು ಮನುಷ್ಯರತ್ತ ತಿರುಗಿತೆಂದು ಕಾರ್ಬೆಟ್ ಬರೆಯುತ್ತಾನೆ. ಆ ಗುಂಡು ಹಾರಿಸಿದವನು ಯಾರು, ಅವನ ತೋಟೆ ಎಂಥದು, ಯಾರೂ ಬರೆದಿಟ್ಟಿಲ್ಲ. ಹುಲಿಗೆ ತಗಲಿತೆಂದು ಅವನು ಅಂದು ರಾತ್ರಿ ಬಿಡಾರದಲ್ಲಿ ಹೇಳಿಕೊಂಡಿದ್ದರೂ ಇರಬಹುದು. ಅವನ ಆ ಒಂದು ಕೆಟ್ಟ ಈಡಿನ ಬೆಲೆಯನ್ನು ತೆತ್ತವರು ನೇಪಾಳದ ಮತ್ತು ಕುಮಾವೂನಿನ ಹಳ್ಳಿಗರು.

ಕಾರ್ಬೆಟ್ ತನ್ನ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಆ ಹುಲಿಯನ್ನು ಸೋಹುವ ದಿನ ಆತ ಒಯ್ದದ್ದು ಮೂರೇ ತೋಟೆ. ಮೂರೂ ಮುಗಿದು, ಗಾಯಗೊಂಡ ಹುಲಿ ಎದುರಿಗೇ ಇರುವಾಗ ಓಡಿಹೋಗಿ ತಹಸೀಲ್ದಾರರ ಹಳೆಯ ಕೋವಿಯನ್ನು ತರಬೇಕಾಯಿತು. 1930ರಲ್ಲಿ ಚೌಗಢದ ಹುಲಿಯನ್ನು ಹತ್ತಿರದಿಂದ ಎದುರಿಸಿದಾಗ ಅವನ ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದವು. ಬಲಗೈಯೊಂದರಿಂದಲೇ ರೈಫಲನ್ನು ನಿಧಾನವಾಗಿ ತಿರುಗಿಸಬೇಕಾಯಿತು. ಹಗುರವಾದ ರೈಫಲ್ ಇದ್ದದ್ದೇ ತನಗೆ ಅನುಕೂಲವಾಯಿತೆಂದು ಆತ ಒಪ್ಪುತ್ತಾನೆ. ಭಾರಿ ಜೋಡುನಳಿಗೆಯಿದ್ದರೆ ಆ ಪುಸ್ತಕವೇ ಹುಟ್ಟುತ್ತಿರಲಿಲ್ಲವೇನೋ!

ಇನ್ನು ನಮ್ಮ ಕಡೆಯವನೇ ಆದ ಕೆನೆತ್ ಆಂಡರ್ಸನ್. ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ತೀರಿಕೊಂಡ ಈತನ ಮೊದಲ ಬೇಟೆಯ ಪುಸ್ತಕ ಬಂದದ್ದು 1954ರಲ್ಲಿ. 0.405 ವಿಂಚೆಸ್ಟರ್ ಅವನ ಸಂಗಾತಿ. ಅಮೆರಿಕದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಒಯ್ದು, ಸಿಂಹಕ್ಕೆ ಇದೇ ತನ್ನ ಮದ್ದು ಎಂಬರ್ಥದಲ್ಲಿ ಹೊಗಳಿದ ತೋಟೆ ಇದು. ಔಷಧಕ್ಕೂ ಸಿಡಿಯುವ ಪುಡಿಗೂ ಒಂದೇ ಹೆಸರಿಟ್ಟ ನಮ್ಮ ಕನ್ನಡದಲ್ಲಿ ಈ ಮಾತಿಗೆ ಇಮ್ಮಡಿ ಅರ್ಥ. ಇದರ 300 ಗ್ರೇನ್ ಗುಂಡಿನ ತೂರುವ ಅಂದಾಜು 0.254 ಮಾತ್ರ. ಹುಲಿ, ಚಿರತೆ, ಕರಡಿಗಳಿಗೆ ಧಾರಾಳವಾಗಿ ಸಾಕು. ಆನೆಗೂ ಕಾಟಿಗೂ ಬೆಲ್ಲನ ಸಣ್ಣ ಗುಂಡಿಗಿಂತಲೂ ಹಿಂದೆ. ಆಂಡರ್ಸನ್ ಈ ಚರ್ಚೆಗೆ ಹೆಚ್ಚಾಗಿ ಇಳಿಯುವುದಿಲ್ಲ. ಅವನ ಕೋವಿ ಒಂದು ಹಳೆಯ ಸ್ನೇಹದಂತೆ ಕಥೆಯಿಂದ ಕಥೆಗೆ ಬರುತ್ತದೆ. ವಿಚಾರದಲ್ಲಿ ಇದು ಕೊರತೆ. ಆದರೆ ಅವನು ಕಾರ್ಬೆಟ್ಟನ ದಾರಿಯನ್ನು ಬಿಡುವುದಿಲ್ಲ: ನರಭಕ್ಷಕ ಹುಟ್ಟಿದ್ದು ಹೇಗೆ ಎಂದು ಮತ್ತೆ ಮತ್ತೆ ಕೇಳುತ್ತಾನೆ, ಎಷ್ಟೋ ಕಥೆಗಳಲ್ಲಿ ಉತ್ತರ ಯಾರದೋ ಅಡ್ಡಾದಿಡ್ಡಿ ಈಡಿಗೆ ಹೋಗಿ ನಿಲ್ಲುತ್ತದೆ.

ತೇಜಸ್ವಿಯವರ ಭಾವಾನುವಾದ ಗೆದ್ದದ್ದಕ್ಕೆ ಕಾರಣವೂ ಇದರಲ್ಲೇ ಇದೆ. ಮೂಡಿಗೆರೆಯ ತೋಟದಲ್ಲಿ ಬದುಕಿದ ಅವರಿಗೆ ಕೋವಿ, ತೋಟೆ, ಈಡು, ಚರೆ ಎಂಬ ಮಾತುಗಳನ್ನು ನಿಘಂಟಿನಿಂದ ಹೆಕ್ಕುವ ಅಗತ್ಯವಿರಲಿಲ್ಲ. ಅವು ಮಲೆನಾಡಿನವರ ಬಾಯಲ್ಲಿದ್ದವು. ಇಂಗ್ಲಿಷಿನಲ್ಲಿ ಸಾಹೇಬನ ಸಾಹಸದಂತೆ ಕೇಳುವುದು ಕನ್ನಡದಲ್ಲಿ ಊರಿನ ಜಗಲಿಯ ಮೇಲೆ ಹೇಳಿದ ಸಂಗತಿಯಾಗುತ್ತದೆ. ಜಗಲಿಯ ಮೇಲೆ ಕೂತವರಿಗೆ ಅಂಕೆಯ ಬಡಾಯಿ ನಡೆಯುವುದಿಲ್ಲ. ಪೆಟ್ಟು ತಿಂದ ಪ್ರಾಣಿ ಎತ್ತ ಹೋಯಿತು, ನಾಳೆ ದನ ಹೊಡೆದುಕೊಂಡು ಯಾರು ಹೋಗಬೇಕು ಎಂಬುದೇ ಅವರ ಪ್ರಶ್ನೆ. ಕಾರ್ಬೆಟ್ಟನ ರುದ್ರಪ್ರಯಾಗದ ಕಥೆಯನ್ನೂ ತೇಜಸ್ವಿಯವರೇ ಕನ್ನಡಕ್ಕೆ ತಂದದ್ದು ಕೇವಲ ಆಕಸ್ಮಿಕವಿರಲಾರದು.

ಇಂದು ಊರಿಗೆ ನುಗ್ಗಿದ ಹುಲಿಗೋ ಆನೆಗೋ ಅರಣ್ಯ ಇಲಾಖೆಯವರು ಹಾರಿಸುವುದು ಅರಿವಳಿಕೆಯ ಸೂಜಿ. ಅಲ್ಲಿಯೂ ಪ್ರಶ್ನೆ ಹಳೆಯದೇ: ಪ್ರಾಣಿಯ ತೂಕವೆಷ್ಟು, ಅದಕ್ಕೆ ಮದ್ದೆಷ್ಟು, ಮೈಯ ಯಾವ ಭಾಗಕ್ಕೆ, ಎಷ್ಟು ದೂರದಿಂದ. ಲೆಕ್ಕ ತಪ್ಪಿದರೆ ಪ್ರಾಣಿ ಸಾಯಬಹುದು, ಇಲ್ಲವೇ ಅರೆಮಂಪರಿನಲ್ಲಿ ಜನರ ಮೇಲೆ ಬೀಳಬಹುದು. ತೋಟೆ ಹೋದರೂ ತೋಟೆಯ ಹೊಣೆ ಹೋಗಿಲ್ಲ. ಆದ್ದರಿಂದ ಮಕ್ಕಳು ಈ ಪುಸ್ತಕಗಳನ್ನು ಓದುವಾಗ ಎಷ್ಟು ಹುಲಿ ಹೊಡೆದ ಎಂದು ಎಣಿಸುವುದರ ಜೊತೆಗೆ, ತಪ್ಪಿದ ಗುಂಡಿನ ಲೆಕ್ಕವನ್ನು ಲೇಖಕ ಕೊಟ್ಟಿದ್ದಾನೆಯೇ ಎಂದು ಕೇಳುವುದನ್ನೂ ನಾವು ಕಲಿಸೋಣ. ಕೊಟ್ಟಿದ್ದರೆ ಆ ಪುಸ್ತಕ ಮನೆಯಲ್ಲಿರಲಿ.