ವೇಷ ಸರಿ, ಅರ್ಥ ಎಲ್ಲಿ?

ತೊಂಬತ್ತರ ದಶಕದಲ್ಲಿ ಚಿಕ್ಕಮಗಳೂರು, ಮೂಡಿಗೆರೆಯಂಥ ಊರುಗಳ ಮನೆಗಳಿಗೆ ‘ಟಿವಿ ಗೇಮ್’ ಎಂದು ಬಂದದ್ದು ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂಬ ರಾಜಾರೋಷದ ಸುಳ್ಳು. ಒಳಗೆ ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ, ತಿರುಗಾ ಮುರುಗಾ ಅವೇ. ಅದೇ ಯಂತ್ರದ ಮುಂದೆ ಜಪಾನಿನ ಮಕ್ಕಳು ಊಟ ನಿದ್ದೆ ಬಿಟ್ಟು ಆಡುತ್ತಿದ್ದ ಬೇರೊಂದು ಜಾತಿಯ ಆಟ ನಮ್ಮ ಕಡೆಗೆ ಬರಲೇ ಇಲ್ಲ. 1986ರ ‘ಡ್ರ್ಯಾಗನ್ ಕ್ವೆಸ್ಟ್’, 1987ರ ‘ಫೈನಲ್ ಫ್ಯಾಂಟಸಿ’ ಆ ಜಾತಿಯವು. ಪುಟಗಟ್ಟಲೆ ಮಾತು, ವಾರಗಟ್ಟಲೆ ಕಥೆ. ‘ಫೈನಲ್ ಫ್ಯಾಂಟಸಿ’ಯಲ್ಲಂತೂ ನಿಲ್ಲಿಸಿದ ಜಾಗ ನೆನಪಿಡಲು ಕ್ಯಾಸೆಟ್ಟಿನೊಳಗೇ ಬ್ಯಾಟರಿ. ನಕಲಿ ಮಾಲಿನವರಿಗೆ ಇದು ಗಿಟ್ಟುವ ವ್ಯಾಪಾರವಾಗಿರಲಿಲ್ಲ.

ಇದು ನಮಗಾದ ನಷ್ಟ, ನಿಜ. ಆದರೆ ವಿಮರ್ಶೆಗೆ ಕೂತಾಗ ಲಾಭವೂ ಹೌದು. ಈಗ ಕೆನಡಾ, ಜರ್ಮನಿ, ಫ್ರಾನ್ಸ್‌ಗಳಲ್ಲಿ ಆ ಹಳೆಯ ಜಪಾನಿ ಆಟಗಳ ಅಚ್ಚಿನಲ್ಲೇ ಹೊಸ ಆಟಗಳು ತಯಾರಾಗುತ್ತಿವೆ. ಅವುಗಳ ಬಂಡವಾಳದಲ್ಲಿ ದೊಡ್ಡ ಪಾಲು ಬಾಲ್ಯದ ಹಂಬಲ. ಚೌಕ ಚೌಕ ಚುಕ್ಕಿಗಳ ಚಿತ್ರ ಕಂಡೊಡನೆ ಅಲ್ಲಿಯವರ ಕಣ್ಣು ತೇವವಾಗುತ್ತದೆ, ಆಟದ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಕಳಸದಲ್ಲೋ ಮೂಡಿಗೆರೆಯಲ್ಲೋ ಮಳೆಗಾಲದ ಸಂಜೆ ಲ್ಯಾಪ್‌ಟಾಪ್ ಬಿಚ್ಚಿ ಕೂತವನಿಗೆ ಆ ಹಂಬಲದ ಋಣವಿಲ್ಲ. ಆಟ ತನ್ನ ಕಾಲ ಮೇಲೆ ನಿಲ್ಲಬೇಕು.

ಇಂಥ ಪರೀಕ್ಷೆಗೆ ನಮ್ಮಲ್ಲೇ ಒಂದು ಒರೆಗಲ್ಲಿದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಲೆನಾಡಿನಲ್ಲಿ ತಾಳಮದ್ದಳೆಯ ಕಾಲ. ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಸರದಿಯಂತೆ ಮಾತಾಡುತ್ತಾರೆ. ಒಬ್ಬ ಬಾಣ ಬಿಡುವಾಗ ಇನ್ನೊಬ್ಬ ತಡೆದುಕೊಂಡು, ತನ್ನ ಸರದಿಗೆ ಏನು ಹೂಡಬೇಕೆಂದು ಲೆಕ್ಕ ಹಾಕುತ್ತಿರುತ್ತಾನೆ. ಈ ಆಟಗಳ ಕಾಳಗವೂ ಇದೇ ಕ್ರಮದ್ದು: ನೀನು ಹೊಡೆ, ಆಮೇಲೆ ನಾನು. ಪ್ರಸಂಗ ಹಳೆಯದೆಂದು ತಾಳಮದ್ದಳೆಯಿಂದ ಯಾರೂ ಎದ್ದು ಹೋಗುವುದಿಲ್ಲ. ವಾಲಿ ಸಾಯುತ್ತಾನೆಂದು ಗೊತ್ತಿದ್ದೂ ಜನ ಕೂರುತ್ತಿದ್ದುದು, ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಸಾಯುವ ಮುಂಚೆ ರಾಮನನ್ನು ಏನು ಕೇಳುತ್ತಾನೆಂಬುದಕ್ಕೆ. ಹಾಗಾಗಿ ಅನುಕರಣೆ ಎಂಬುದು ನನ್ನ ಮಟ್ಟಿಗೆ ಬೈಗುಳವಲ್ಲ. ವೇಷ ಕಳಚಿಟ್ಟ ಮೇಲೆ ಹೇಳಲು ಅರ್ಥವಿದೆಯೇ ಎಂಬುದಷ್ಟೇ ಪ್ರಶ್ನೆ.

ಮೂಲವನ್ನು ಮೊದಲು ನೋಡೋಣ. ಎಲ್ಲರೂ ಹೆಚ್ಚಾಗಿ ನಕಲು ಮಾಡುವುದು 1995ರ ‘ಕ್ರೋನೋ ಟ್ರಿಗರ್’ ಅನ್ನು. ‘ಫೈನಲ್ ಫ್ಯಾಂಟಸಿ’ಯ ಹಿರೊನೊಬು ಸಕಾಗುಚಿ, ‘ಡ್ರ್ಯಾಗನ್ ಕ್ವೆಸ್ಟ್’ನ ಯೂಜಿ ಹೊರಿ, ಚಿತ್ರಕಾರ ಅಕಿರಾ ತೊರಿಯಾಮಾ ಕೂಡಿ ಮಾಡಿದ ಆಟ, ಸಂಗೀತದ ಹೆಚ್ಚಿನ ಪಾಲು ಆಗಿನ್ನೂ ಎಳೆಯನಾಗಿದ್ದ ಯಾಸುನೊರಿ ಮಿತ್ಸುದಾನದು. ಶುರುವಾಗುವುದೇ ಜಾತ್ರೆಯಲ್ಲಿ. ಹುಡುಗಿಯೊಬ್ಬಳು ಡಿಕ್ಕಿ ಹೊಡೆದು ಬೀಳುತ್ತಾಳೆ, ಅವಳ ಪದಕ ದೂರ ಹಾರುತ್ತದೆ. ಮೊದಲು ಅವಳನ್ನು ವಿಚಾರಿಸುತ್ತೀರೋ, ಪದಕಕ್ಕೆ ಕೈ ಹಾಕುತ್ತೀರೋ? ಪಕ್ಕದ ಮೇಜಿನ ಮೇಲೆ ಯಾರದೋ ಊಟ ಇದೆ. ಇಂಥ ಆಟಗಳಲ್ಲಿ ಕಂಡದ್ದನ್ನೆಲ್ಲ ಬಾಚಿಕೊಳ್ಳುವುದೇ ರೂಢಿ, ನೀವು ತಿಂದುಬಿಡುತ್ತೀರಿ. ಸ್ವಲ್ಪ ಹೊತ್ತಿನಲ್ಲೇ ನಿಮ್ಮನ್ನು ರಾಜಕುಮಾರಿಯ ಅಪಹರಣಕಾರನೆಂದು ಕೋರ್ಟಿಗೆ ಎಳೆದಾಗ, ಆ ಊಟದ ಯಜಮಾನನೇ ಸಾಕ್ಷಿ ಹೇಳಲು ಬಂದು ನಿಂತಿರುತ್ತಾನೆ! ತೀರ್ಪು ಏನೇ ಬರಲಿ, ಜೈಲು ತಪ್ಪುವುದಿಲ್ಲ ಎಂಬುದು ಅದರ ಮೇಲಿನ ಕುಹಕ. ಆಟಗಾರನ ಕೈಚಳಕವನ್ನಲ್ಲ, ಅವನ ನಡತೆಯನ್ನು ಆಟ ಗಮನಿಸುತ್ತಿತ್ತು.

ಇನ್ನು ಮುಂದೆ ಕಥೆಯ ಗುಟ್ಟುಗಳು ಹೊರಬರುತ್ತವೆ. ತಾಳಮದ್ದಳೆಗೆ ಕೂತು ರೂಢಿಯಿದ್ದವರು ಇದಕ್ಕೆ ತಕರಾರು ಮಾಡಲಾರರು.

ನಡುದಾರಿಯಲ್ಲಿ ನಾಯಕ ಕ್ರೋನೋ ಸಾಯುತ್ತಾನೆ. ಪರದೆಯ ಮೇಲೆ ನಮ್ಮ ಕೈಬೆರಳಾಗಿದ್ದವನೇ ಇಲ್ಲ, ಉಳಿದವರು ಆಟ ಮುಂದುವರಿಸಬೇಕು. ಅವನನ್ನು ಬದುಕಿಸುವ ದಾರಿಯೊಂದಿದೆ. ಕಾಲದಲ್ಲಿ ಹಿಂದೆ ಹೋಗಿ, ಸಾಯುವ ಗಳಿಗೆಯಲ್ಲಿ ಅವನ ಜಾಗಕ್ಕೊಂದು ಗೊಂಬೆ ನಿಲ್ಲಿಸಬೇಕು, ಆ ಗೊಂಬೆಯನ್ನೋ ಅದೇ ಜಾತ್ರೆಯ ಡೇರೆಯೊಂದರಲ್ಲಿ ಗೆದ್ದು ತರಬೇಕು. ಬೇಡವೆಂದರೆ ಅವನಿಲ್ಲದೆಯೇ ಆಟ ಮುಗಿಸಬಹುದು. ಸಾವನ್ನು ಹೀಗೆ ಆಟಗಾರನ ಕೈಗೆ ಕೊಟ್ಟು ಸುಮ್ಮನಿರುವ ಧೈರ್ಯ ಇವತ್ತಿಗೂ ಅಪರೂಪ.

ಈಗ ‘ಸೀ ಆಫ್ ಸ್ಟಾರ್ಸ್’ಗೆ ಬನ್ನಿ. ಕ್ವಿಬೆಕ್‌ನ ಸಾಬೊಟಾಜ್ ಸ್ಟುಡಿಯೋ 2023ರ ಆಗಸ್ಟ್‌ನಲ್ಲಿ ಹೊರತಂದದ್ದು. ಮಿತ್ಸುದಾನಿಂದಲೇ ಕೆಲವು ಹಾಡು ಮಾಡಿಸಿದ್ದಾರೆ. ಕಣ್ಣಿಗಂತೂ ಹಬ್ಬ: ಹಗಲನ್ನು ರಾತ್ರಿ ಮಾಡಿದರೆ ನೆರಳುಗಳು ನೆಲದ ಮೇಲೆ ಸರಿದು ಹೋಗುವ ಚೆಂದಕ್ಕೇ ನಾನು ಸುಮ್ಮಸುಮ್ಮನೆ ಗುಂಡಿ ಒತ್ತಿದ್ದುಂಟು. ಕಾಳಗದಲ್ಲೂ ಬುದ್ಧಿ ಇದೆ. ಶತ್ರು ದೊಡ್ಡ ಮಂತ್ರಕ್ಕೆ ಸಿದ್ಧವಾಗುವಾಗ ಅವನ ತಲೆಯ ಮೇಲೆ ಬೀಗಗಳು ಮೂಡುತ್ತವೆ, ಒಂದರಲ್ಲಿ ಸೂರ್ಯ, ಇನ್ನೊಂದರಲ್ಲಿ ಚಂದ್ರ, ಮತ್ತೊಂದರಲ್ಲಿ ಕತ್ತಿ. ಗಡುವಿನೊಳಗೆ ಆಯಾ ಪೆಟ್ಟು ಕೊಟ್ಟು ಅವನ್ನು ಒಡೆದರೆ ಮಂತ್ರ ಠುಸ್. ಪೆಟ್ಟು ತಾಗುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಏಟು ಹೆಚ್ಚು. ವೇಷದಲ್ಲಿ ಒಂದು ಮಣಿ ಕಡಿಮೆಯಿಲ್ಲ.

ಬಾಯಿ ಬಿಟ್ಟರೆ ಮಾತ್ರ ಸಪ್ಪೆ. ನಾಯಕ ಜೇಲ್, ನಾಯಕಿ ವಲೇರ್, ಇವರಲ್ಲಿ ಯಾವ ಮಾತು ಯಾರದೆಂದು ಹೆಸರು ಮುಚ್ಚಿದರೆ ಹೇಳಲಾಗದು. ಜೀವವಿರುವುದು ಅವರ ಗೆಳೆಯ, ಅಡುಗೆಯವ ಗಾರ್ಲ್‌ನಲ್ಲಿ. ಅವನೂ ಸಾಯುತ್ತಾನೆ, ಚೆನ್ನಾಗಿಯೇ ಸಾಯುತ್ತಾನೆ, ಆ ಭಾಗದಲ್ಲಿ ಆಟ ಮೊದಲ ಸಲ ಉಸಿರಾಡುತ್ತದೆ. ಆಮೇಲೆ ‘ನಿಜವಾದ’ ಮುಕ್ತಾಯ ಬೇಕೆಂದರೆ ಒಂದಷ್ಟು ಉಪಕಥೆ ಮುಗಿಸಿ, ಕಾಲದಲ್ಲಿ ಹಿಂದೆ ಹೋಗಿ, ಅವನನ್ನು ಎಬ್ಬಿಸಿ ತರಬೇಕು. ‘ಕ್ರೋನೋ ಟ್ರಿಗರ್’ನಿಂದ ತಂದ ತಂತ್ರವೇ, ಆದರೆ ಅಲ್ಲಿ ಆಯ್ಕೆಯಾಗಿದ್ದದ್ದು ಇಲ್ಲಿ ಬಹುಮಾನವಾಗಿದೆ. ಗೆಳೆಯ ಸತ್ತ ದುಃಖವನ್ನೇ ನಂಬಿಕೊಂಡು ಬಂದವನಿಗೆ, ಅದು ಅರ್ಧಂಬರ್ಧ ಆಟ, ಇನ್ನಷ್ಟು ದುಡಿದರೆ ವಾಪಸು ಕೊಡುತ್ತೇವೆ ಎಂದಂತಾಯಿತು. ಪದ್ಯ ಸರಿಯಾಗಿ ಎತ್ತಿಕೊಂಡು ಅರ್ಥದಲ್ಲಿ ತೊದಲಿದ ಅರ್ಥಧಾರಿ ಇದು.

2016ರ ‘ಐ ಆ್ಯಮ್ ಸೆತ್ಸುನಾ’ ಜಪಾನಿನವರೇ ಮಾಡಿದ ಅನುಕರಣೆ. ಹಿಮ, ಪಿಯಾನೊ, ಮತ್ತೆ ಹಿಮ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

‘ಚೈನ್ಡ್ ಎಕೋಸ್’ (2022) ಮಾತ್ರ ನನಗೆ ಗೌರವ ಹುಟ್ಟಿಸಿತು. ಮಥಿಯಾಸ್ ಲಿಂಡಾ ಎಂಬ ಜರ್ಮನ್ ಬಹುಪಾಲು ಒಬ್ಬನೇ ಕೂತು ಕಟ್ಟಿದ ಆಟ. ಹಳೆಯದರಲ್ಲಿ ಯಾವುದು ಸುಮ್ಮನೆ ರೂಢಿಗೆ ಬಂದದ್ದು, ಯಾವುದರಲ್ಲಿ ಸತ್ವವಿದೆ ಎಂದು ಈತ ನಿಜಕ್ಕೂ ಯೋಚಿಸಿದ್ದಾನೆ. ಪ್ರತಿ ಕಾಳಗ ಮುಗಿದಾಗಲೂ ಗಾಯಗಳೆಲ್ಲ ತಾನಾಗಿ ಮಾಯುತ್ತವೆ, ಮದ್ದಿನ ಬಾಟಲಿ ಎಣಿಸುತ್ತ ಕೂರುವ ಜಿಪುಣತನವೇ ಇಲ್ಲ. ಬದಲಿಗೆ ಪರದೆಯ ಮೇಲೊಂದು ಪಟ್ಟಿ: ಹಳದಿ, ಹಸಿರು, ಕೆಂಪು. ಮಾಡಿದ ಹೆಚ್ಚಿನ ಕೆಲಸಗಳಿಗೆಲ್ಲ ಮುಳ್ಳು ಬಲಕ್ಕೆ ಸರಿಯುತ್ತದೆ. ಹಸಿರಿನಲ್ಲಿದ್ದಾಗ ನಿಮ್ಮ ಪೆಟ್ಟಿಗೆ ಬಲ, ಕೆಂಪಿಗೆ ಹೋದಿರೋ ಬೀಳುವ ಪೆಟ್ಟುಗಳೆಲ್ಲ ಭಾರ. ಮುಳ್ಳನ್ನು ಹಿಂದೆ ತರಲು ಆಟ ಆ ಹೊತ್ತಿಗೆ ಸೂಚಿಸುವ ಬಗೆಯ ವಿದ್ಯೆ ನೆರವಾಗುತ್ತದೆ. ಹೀಗಾಗಿ ಒಂದೇ ಗುಂಡಿಯನ್ನು ಕಣ್ಣುಮುಚ್ಚಿ ಒತ್ತುವ ಸೋಮಾರಿತನಕ್ಕೆ ಜಾಗವಿಲ್ಲ. ಕಥೆಯ ಆರಂಭವೂ ದಿಟ್ಟ: ಬಾಡಿಗೆ ಸೈನಿಕ ಗ್ಲೆನ್ ತಿಳಿಯದೆ ಹಚ್ಚಿದ ಸ್ಫೋಟದಿಂದ ಜನ ರಾಶಿರಾಶಿಯಾಗಿ ಸಾಯುತ್ತಾರೆ, ಅವನು ಉಳಿದದ್ದಷ್ಟೂ ಆ ಪಾಪದ ಭಾರದಲ್ಲೇ ನಡೆಯುತ್ತಾನೆ. ನಡುವೆ ರಾಜಕೀಯದ ಗೋಜಲು ಹೆಚ್ಚಾಗಿ ಯಾವ ರಾಜ್ಯದವ ಯಾರ ಮೇಲೆ ಬಿದ್ದ ಎಂಬುದೇ ಮರೆತುಹೋಗುತ್ತದೆ, ನಿಜ.

2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಮಾಂಪೆಲಿಯೆಯ ಸ್ಯಾಂಡ್‌ಫಾಲ್ ತಂಡದ ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಬಂತು, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೂ ಆಯಿತು. ಚೌಕ ಚುಕ್ಕಿಗಳ ಚಿತ್ರ ಇಲ್ಲಿಲ್ಲ, ಹಳೆಯ ವೇಷವನ್ನು ತೊಡಲೇ ಇಲ್ಲ. ಚಿತ್ರಕಾರ್ತಿಯೊಬ್ಬಳು ವರ್ಷಕ್ಕೊಮ್ಮೆ ಬಾನೆತ್ತರದ ಕಲ್ಲಿನ ಮೇಲೆ ಒಂದು ಅಂಕಿ ಬರೆಯುತ್ತಾಳೆ, ಆ ವಯಸ್ಸಿನವರೆಲ್ಲ ಹೂದಳವಾಗಿ ಉದುರಿ ಹೋಗುತ್ತಾರೆ. ಗುಸ್ತಾವ್ ತನ್ನ ಹಳೆಯ ಪ್ರೇಯಸಿಯನ್ನು ಬಂದರಿನಲ್ಲಿ ಹೀಗೆ ಕಳೆದುಕೊಳ್ಳುವಲ್ಲಿಂದ ಆಟ ಶುರು. ಅವನೇ ನಾಯಕ ಎಂದುಕೊಂಡಿರುವಾಗ ಮೊದಲ ಅಂಕದ ಕೊನೆಗೆ ಅವನೂ ಹೋಗುತ್ತಾನೆ. ಎರಡು ಮುಕ್ತಾಯಗಳಲ್ಲಿ ಒಂದರಲ್ಲಿ ಅವನು ಮತ್ತೆ ನಗುತ್ತ ಕಾಣಿಸಿಕೊಳ್ಳುತ್ತಾನೆ, ಆ ನಗುವಿಗೆ ನೋಡುವವನ ಮೈ ಜುಮ್ಮೆನ್ನುತ್ತದೆ. ಸತ್ತವರನ್ನು ವಾಪಸು ತರಬಹುದಾದರೂ ತರಬೇಕೇ ಎಂದು ಆಟ ನೇರವಾಗಿ ಕೇಳುತ್ತದೆ. 1995ರಲ್ಲಿ ಕ್ರೋನೋನ ಸಾವು ಎತ್ತಿದ ಪದ್ಯಕ್ಕೆ ಮೂವತ್ತು ವರ್ಷದ ನಂತರ ಸಿಕ್ಕ ಸರಿಯಾದ ಅರ್ಥ ಇದೇ ಎಂದು ನನ್ನ ಅನಿಸಿಕೆ.

ತಕರಾರು ಕಾಳಗದಲ್ಲಿ. ಶತ್ರುವಿನ ಪ್ರತಿ ಪೆಟ್ಟನ್ನೂ ಕಣ್ಣೆವೆ ಇಕ್ಕುವಷ್ಟರಲ್ಲಿ ಗುಂಡಿ ಒತ್ತಿ ತಡೆಯಬೇಕು. ಸರದಿಯಾಟದ ಸುಖವಿರುವುದು ಎದುರಾಳಿ ಹೊಡೆಯುವಾಗ ಕೂತು ಯೋಚಿಸುವುದರಲ್ಲಿ. ಇಲ್ಲಿ ಆ ಹೊತ್ತನ್ನೂ ಬೆರಳಿನ ಚುರುಕು ನುಂಗಿದೆ. ಸಾಲದ್ದಕ್ಕೆ ಇದಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕು. ‘ಸೀ ಆಫ್ ಸ್ಟಾರ್ಸ್’, ‘ಚೈನ್ಡ್ ಎಕೋಸ್’ ಎರಡೂ ಹಳೆಯ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ, ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಬ್ಯಾಟರಿಯ ಮೇಲೂ ಸ್ವಲ್ಪ ಹೊತ್ತು ಎಳೆಯುತ್ತವೆ.

ಕನ್ನಡ ಇವು ಯಾವುದರಲ್ಲೂ ಇಲ್ಲ. ಕಂಪ್ಯೂಟರಿಗೆ ಕನ್ನಡ ಬರಲೇಬೇಕೆಂದು ಸಾಹಿತಿ ಪೂರ್ಣಚಂದ್ರ ತೇಜಸ್ವಿ ಹಟ ಹಿಡಿದು ಕೂತಿದ್ದ ಮೂಡಿಗೆರೆಯಲ್ಲೇ ಇವತ್ತಿನ ಹೈಸ್ಕೂಲ್ ಹುಡುಗ ಪರದೆಯ ಮೇಲೆ ಇಂಗ್ಲಿಷ್ ಮಾತು ಮೂಡಿದೊಡನೆ ಪಟಪಟನೆ ಗುಂಡಿ ಒತ್ತಿ ದಾಟಿಸುತ್ತಾನೆ. ಅಂಥವನಿಗೆ ‘ಕ್ರೋನೋ ಟ್ರಿಗರ್’ನ ಕೋರ್ಟು ಬರೀ ಗದ್ದಲ, ಗಾರ್ಲ್‌ನ ಸಾವು ಪಡೆಯಿಂದ ಒಬ್ಬ ಕಡಿಮೆಯಾದ ಲೆಕ್ಕ. ಒಂದೂ ಮಾತು ಓದದವನಿಗೂ ಪೂರ್ತಿ ದಕ್ಕುವುದು ‘ಚೈನ್ಡ್ ಎಕೋಸ್’ನ ಆ ಮೂರು ಬಣ್ಣದ ಪಟ್ಟಿ. ಮನೆಯ ಮಕ್ಕಳಿಗೆ ಯಾವುದು ಕೊಡಿಸಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅದನ್ನೇ.